ಗೋಡೆಯ ಮೇಲಿನ ಆವರ್ತಕ ಕೋಷ್ಟಕ: ಕಲಬುರಗಿಯಲ್ಲಿ ಕೊಂಡ ಒಂದು ಚಾರ್ಟಿನ ವಿಮರ್ಶೆ

ಕಳೆದ ಜೂನ್ ತಿಂಗಳಲ್ಲಿ, ಕಾಲೇಜು ಆರಂಭವಾಗುವ ವಾರದಲ್ಲಿ, ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದ ಅಂಗಡಿಯೊಂದರಲ್ಲಿ 480 ರೂಪಾಯಿ ಕೊಟ್ಟು ಆವರ್ತಕ ಕೋಷ್ಟಕದ ದೊಡ್ಡದೊಂದು ಚಾರ್ಟನ್ನು ಕೊಂಡೆ. ಐದು ಅಡಿ ಅಗಲ, ಮೂರೂವರೆ ಅಡಿ ಎತ್ತರದ ಹಾಳೆ. ಮೇಲೂ ಕೆಳಗೂ ಪ್ಲಾಸ್ಟಿಕ್ ಕೋಲು. ಧಾತುಗಳ ಹೆಸರು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿ. ಪ್ರತಿ ಮನೆಯಲ್ಲೂ ಪರಮಾಣು ಸಂಖ್ಯೆ, ಪರಮಾಣು ರಾಶಿ ಮತ್ತು ಎಲೆಕ್ಟ್ರಾನ್ ವಿನ್ಯಾಸ, ಅಂದರೆ ಪರಮಾಣುವಿನ ಎಲೆಕ್ಟ್ರಾನುಗಳು ಯಾವ ಕವಚದಲ್ಲಿ ಎಷ್ಟಿವೆ ಎಂಬ ವಿವರ. ನಾನು ಚಿತ್ತಾಪುರ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನನ್ನ ತರಗತಿಯ ಹೆಚ್ಚಿನ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಗೆ ಬಂದ ಕೂಡಲೇ ಇಂಗ್ಲಿಷ್ ಪುಸ್ತಕದ ಮುಂದೆ ಕುಳಿತವರು. ಅಂಥವರಿಗೆ ಗೋಡೆಯ ಮೇಲಿನ ಒಂದು ಹಾಳೆ ಎಷ್ಟು ನೆರವಾಗಬಲ್ಲದು, ಎಲ್ಲಿ ದಾರಿ ತಪ್ಪಿಸಬಲ್ಲದು ಎಂಬುದನ್ನು ಒಂದು ಶೈಕ್ಷಣಿಕ ಅವಧಿಯುದ್ದಕ್ಕೂ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಅಂಗಡಿಯವರು ಚಾರ್ಟನ್ನು ಬಿಚ್ಚಿ ತೋರಿಸುತ್ತಾ, "ಮೇಡಂ, ಇದ್ರಾಗ ಎಲ್ಲಾ 118 ಅದಾವ್ರಿ, ಒಂದೂ ಬಿಟ್ಟಿಲ್ರಿ" ಎಂದರು. ಅದು ನಿಜ. ನಿಹೋನಿಯಂ, ಮಾಸ್ಕೋವಿಯಂ, ಟೆನ್ನೆಸಿನ್, ಒಗನೆಸ್ಸಾನ್ ಎಂಬ ನಾಲ್ಕು ಹೆಸರುಗಳು ಅಧಿಕೃತವಾದದ್ದು 2016ರಲ್ಲಿ. ನಮ್ಮ ಕಾಲೇಜಿನ ಗೋಡೆಯಲ್ಲಿದ್ದ ಹಳೆಯ ಚಾರ್ಟಿನಲ್ಲಿ ಆ ಮನೆಗಳು ಖಾಲಿಯಾಗಿದ್ದವು. ಆದರೆ ಎಲ್ಲ ಧಾತುಗಳೂ ಇವೆಯೆಂಬ ಕಾರಣಕ್ಕೆ ಒಂದು ಕೋಷ್ಟಕ ಒಳ್ಳೆಯದಾಗುವುದಿಲ್ಲ. ಕೋಷ್ಟಕದ ಆಕಾರವೇ ಒಂದು ವಿಚಿತ್ರ ಆಕಾರ: ಎರಡು ಕಡೆ ಗೋಪುರ, ನಡುವೆ ತಗ್ಗು, ಕೆಳಗೆ ಬೇರೆಯಾಗಿ ಬಿದ್ದ ಎರಡು ಸಾಲು. ಅದು ಹೀಗೇಕಿದೆ ಎಂದು ಮಗುವೊಂದು ಕೇಳಿದಾಗ ಚಾರ್ಟು ತಾನೇ ಉತ್ತರ ಹೇಳಬೇಕು. ನಾನು ಈ ಹಾಳೆಯನ್ನು ಅಳೆದದ್ದು ಆ ಒಂದೇ ಅಳತೆಗೋಲಿನಿಂದ.

ಆ ಅಳತೆಯಲ್ಲಿ ಈ ಚಾರ್ಟಿನ ಅತ್ಯುತ್ತಮ ಭಾಗವೆಂದರೆ ಎಡಬದಿಯಲ್ಲಿ ಮೇಲಿಂದ ಕೆಳಗೆ ಇಳಿದಿರುವ ಕಿರಿದಾದ ಪಟ್ಟಿ. ಪ್ರತಿ ಆವರ್ತದ ಎದುರಿಗೆ, ಆ ಸಾಲಿನಲ್ಲಿ ಯಾವ ಯಾವ ಉಪಕವಚಗಳು, ಅಂದರೆ ಕವಚದೊಳಗಿನ ವಿಭಾಗಗಳು, ತುಂಬುತ್ತವೆ ಎಂದು (ಅಂಕಿ ಕವಚದ್ದು, ಅಕ್ಷರ ವಿಭಾಗದ್ದು) ಅಲ್ಲಿ ಬರೆದಿದ್ದಾರೆ. ಮೊದಲ ಸಾಲಿಗೆ 1ಎಸ್. ಎರಡನೆಯದಕ್ಕೆ 2ಎಸ್, 2ಪಿ. ಮೂರನೆಯದಕ್ಕೆ 3ಎಸ್, 3ಪಿ. ನಾಲ್ಕನೆಯದಕ್ಕೆ 4ಎಸ್, 3ಡಿ, 4ಪಿ. ಐದಕ್ಕೆ 5ಎಸ್, 4ಡಿ, 5ಪಿ. ಆರಕ್ಕೆ 6ಎಸ್, 4ಎಫ್, 5ಡಿ, 6ಪಿ. ಏಳಕ್ಕೆ 7ಎಸ್, 5ಎಫ್, 6ಡಿ, 7ಪಿ. ಎಸ್ ಉಪಕವಚ 2 ಎಲೆಕ್ಟ್ರಾನುಗಳನ್ನು ಹಿಡಿಯುತ್ತದೆ, ಪಿ 6, ಡಿ 10, ಎಫ್ 14. ಈ ನಾಲ್ಕು ಸಂಖ್ಯೆ ಗೊತ್ತಿದ್ದರೆ ಸಾಕು, ಮಕ್ಕಳು ತಾವೇ ಕೂಡಿಸಿ ಸಾಲುಗಳ ಉದ್ದವನ್ನು ಹೇಳುತ್ತಾರೆ: 2, 8, 8, 18, 18, 32, 32. ಒಟ್ಟು 118. ಈ ಲೆಕ್ಕವನ್ನು ಮೊದಲ ಸಲ ಕಪ್ಪುಹಲಗೆಯ ಮೇಲೆ ಮಾಡಿಸಿದ ದಿನ, ಉತ್ತರ 118ಕ್ಕೇ ಬಂದು ನಿಂತಾಗ ತರಗತಿಯಲ್ಲಿ ಉಂಟಾದ ಮೌನ ನನಗೆ ಇನ್ನೂ ನೆನಪಿದೆ.

ಈ ಪಟ್ಟಿ ಇನ್ನೊಂದು ಹಳೆಯ ಗೊಂದಲವನ್ನೂ ಬಿಡಿಸುತ್ತದೆ. ಕವಚವೊಂದರ ಸಾಮರ್ಥ್ಯವನ್ನು ಎಣಿಸುವ ಸೂತ್ರವನ್ನು, ಅಂದರೆ ಕವಚದ ಸಂಖ್ಯೆಯ ವರ್ಗದ ಎರಡರಷ್ಟು ಎಂಬುದನ್ನು, ಮಕ್ಕಳು ಕಂಠಪಾಠ ಮಾಡಿರುತ್ತಾರೆ. ಅದರ ಪ್ರಕಾರ ಮೂರನೆಯ ಕವಚ 18 ಎಲೆಕ್ಟ್ರಾನುಗಳನ್ನು ಹಿಡಿಯಬೇಕು. ಹಾಗಿದ್ದರೆ ಮೂರನೆಯ ಆವರ್ತದಲ್ಲಿ ಎಂಟೇ ಧಾತುಗಳೇಕೆ? ಉತ್ತರ ಪಟ್ಟಿಯಲ್ಲೇ ಇದೆ: 3ಪಿ ತುಂಬಿ ಆರ್ಗಾನ್ ಆದ ಮೇಲೆ ಮುಂದಿನ ಎಲೆಕ್ಟ್ರಾನ್ 3ಡಿಗೆ ಹೋಗದೆ 4ಎಸ್‌ಗೆ ಹೋಗುತ್ತದೆ, ಹೊಸ ಕವಚ ತೆರೆದುಕೊಂಡಿತೆಂದರೆ ಹೊಸ ಸಾಲು ಶುರುವಾಯಿತೆಂದೇ ಅರ್ಥ. 3ಡಿಯ ಹತ್ತು ಸ್ಥಾನಗಳು ತುಂಬುವುದು ಪೊಟ್ಯಾಸಿಯಂ, ಕ್ಯಾಲ್ಸಿಯಂ ಎರಡೂ ಮುಗಿದು ಸ್ಕ್ಯಾಂಡಿಯಂ ಬಂದಾಗ, ನಾಲ್ಕನೆಯ ಸಾಲಿನ ನಡುವೆ. ಆದ್ದರಿಂದ ಡಿ ಬ್ಲಾಕಿನ, ಅಂದರೆ ಡಿ ಉಪಕವಚ ತುಂಬುವ ಧಾತುಗಳ ಭಾಗದ, ಕವಚ ಸಂಖ್ಯೆ ಯಾವಾಗಲೂ ಸಾಲಿನ ಸಂಖ್ಯೆಗಿಂತ ಒಂದು ಕಡಿಮೆ, ಎಫ್ ಬ್ಲಾಕಿನದು ಎರಡು ಕಡಿಮೆ. ಚಾರ್ಟಿನ ಕೆಳಮೂಲೆಯಲ್ಲಿ ಓರೆ ಬಾಣಗಳ ಚಿತ್ರವೊಂದಿದ್ದು, ಎರಡು ಕ್ವಾಂಟಂ ಸಂಖ್ಯೆಗಳನ್ನು, ಅಂದರೆ ಕವಚದ ಸಂಖ್ಯೆ ಮತ್ತು ಉಪಕವಚದ ಸಂಖ್ಯೆಯನ್ನು (ಎಸ್‌ಗೆ 0, ಪಿಗೆ 1, ಡಿಗೆ 2), ಕೂಡಿಸಿ ತುಂಬುವ ಕ್ರಮ ಕಂಡುಹಿಡಿಯುವ ನಿಯಮವನ್ನು ತೋರಿಸುತ್ತದೆ: 4ಎಸ್‌ಗೆ 4 ಮತ್ತು 0 ಸೇರಿ 4, 3ಡಿಗೆ 3 ಮತ್ತು 2 ಸೇರಿ 5, 4ಪಿಗೂ 5, ಮೊತ್ತ ಸಮನಾದಾಗ ಚಿಕ್ಕ ಕವಚ ಮೊದಲು. ಚಿತ್ರ ಅಚ್ಚುಕಟ್ಟಾಗಿದೆ, ಆದರೆ ಅಕ್ಷರ ತೀರಾ ಸಣ್ಣದು. ಎರಡನೆಯ ಬೆಂಚಿನಿಂದಾಚೆಗೆ ಕಾಣುವುದಿಲ್ಲ.

ಬಣ್ಣಗಳ ಆಯ್ಕೆಯಲ್ಲಿಯೂ ತಯಾರಕರು ಯೋಚಿಸಿ ಕೆಲಸ ಮಾಡಿದ್ದಾರೆ. ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಚಾರ್ಟುಗಳು ಲೋಹ, ಅಲೋಹ, ರಾಜಾನಿಲ ಎಂದು ಗುಣದ ಪ್ರಕಾರ ಬಣ್ಣ ಹಚ್ಚುತ್ತವೆ. ಇಲ್ಲಿ ಎಸ್, ಪಿ, ಡಿ, ಎಫ್ ಎಂಬ ನಾಲ್ಕು ಬ್ಲಾಕುಗಳಿಗೆ ನಾಲ್ಕು ಬಣ್ಣ. ಹೀಲಿಯಂ ವಿಷಯದಲ್ಲಿ ಅವರು ತೋರಿದ ಎಚ್ಚರ ನನಗೆ ಬಹಳ ಮೆಚ್ಚುಗೆಯಾಯಿತು. ಅದರಲ್ಲಿರುವ ಎರಡೂ ಎಲೆಕ್ಟ್ರಾನುಗಳು 1ಎಸ್‌ನಲ್ಲಿವೆ. ವಿನ್ಯಾಸವನ್ನಷ್ಟೇ ನೋಡಿದರೆ ಅದು ಬೆರಿಲಿಯಂ ಮೇಲೆ ಕೂರಬೇಕು. ಆದರೆ ಅದರ ಕವಚ ಪೂರ್ತಿ ತುಂಬಿರುವುದರಿಂದಲೂ, ಯಾವುದರೊಂದಿಗೂ ಸುಲಭಕ್ಕೆ ಸೇರದಿರುವುದರಿಂದಲೂ, ಅದನ್ನು 18ನೆಯ ಗುಂಪಿನಲ್ಲಿ, ಅಂದರೆ ಬಲತುದಿಯ ಕಂಬಸಾಲಿನಲ್ಲಿ, ನಿಯಾನ್ ಮೇಲೆ ಇಡುತ್ತಾರೆ. ಈ ಚಾರ್ಟು ಅದನ್ನು 18ನೆಯ ಗುಂಪಿನಲ್ಲೇ ಇಟ್ಟು, ಬಣ್ಣ ಮಾತ್ರ ಎಸ್ ಬ್ಲಾಕಿನದನ್ನು ಕೊಟ್ಟಿದೆ. ಸ್ಥಾನ ಗುಣವನ್ನು ಹೇಳುತ್ತದೆ, ಬಣ್ಣ ವಿನ್ಯಾಸವನ್ನು ಹೇಳುತ್ತದೆ.

ಎಸ್ ಬ್ಲಾಕನ್ನು ಕಲಿಸಲು ನಮ್ಮ ಭಾಗದಲ್ಲಿ ದೂರ ಹೋಗಬೇಕಾಗಿಲ್ಲ. ನನ್ನ ತರಗತಿಯ ಅನೇಕ ಮಕ್ಕಳ ಮನೆಯವರು ಶಹಾಬಾದ್, ವಾಡಿ ಸುತ್ತಿನ ಕಲ್ಲಿನ ಗಣಿಗಳಲ್ಲಿ, ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರು. ಅವರು ದಿನವೂ ತುಳಿಯುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರ ಮುಖ್ಯ ದ್ರವ್ಯ ಕ್ಯಾಲ್ಸಿಯಂ ಕಾರ್ಬೊನೇಟ್. 20ನೆಯ ಮನೆಯ ಕ್ಯಾಲ್ಸಿಯಂ ತನ್ನ 4ಎಸ್‌ನ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಆರ್ಗಾನ್ ವಿನ್ಯಾಸಕ್ಕೆ ಬರುತ್ತದೆ. ಮೂರನೆಯದನ್ನು ಬಿಡಬೇಕಾದರೆ ತುಂಬಿದ ಕವಚವನ್ನೇ ಒಡೆಯಬೇಕು, ಅದಕ್ಕೆ ಬೇಕಾಗುವ ಶಕ್ತಿ ಬಹಳ ಹೆಚ್ಚು. ಅದರ ಸಂಯುಕ್ತಗಳಲ್ಲೆಲ್ಲ ವೇಲೆನ್ಸಿ ಎರಡೇ ಏಕೆ ಎಂಬುದು ಅದು ಎರಡನೆಯ ಗುಂಪಿನಲ್ಲಿ ಏಕಿದೆ ಎಂಬ ಪ್ರಶ್ನೆಯ ಉತ್ತರವೇ ಆಗಿದೆ.

ಇನ್ನು ದೋಷಗಳಿಗೆ ಬರುತ್ತೇನೆ. ಚಾರ್ಟಿನ ತಲೆಬರಹದ ಕೆಳಗೆ "ಎಲೆಕ್ಟ್ರಾನ್ ವಿನ್ಯಾಸದ ಆಧಾರದ ಮೇಲೆ ಧಾತುಗಳ ಜೋಡಣೆ" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಈ ಮಾತು ಇತಿಹಾಸವನ್ನು ತಲೆಕೆಳಗು ಮಾಡುತ್ತದೆ. ಮೆಂಡಲೀವ್ ತನ್ನ ಕೋಷ್ಟಕವನ್ನು ಪ್ರಕಟಿಸಿದ್ದು 1869ರಲ್ಲಿ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು 1897ರಲ್ಲಿ. ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ, ಆಗ ಗೊತ್ತಿದ್ದ 63 ಧಾತುಗಳನ್ನು ಪರಮಾಣು ತೂಕ ಮತ್ತು ರಾಸಾಯನಿಕ ಗುಣಗಳ ಸಹಾಯದಿಂದಲೇ ಜೋಡಿಸಿ, ಖಾಲಿ ಬಿಟ್ಟ ಮನೆಗಳಿಗೆ ಬರಬೇಕಾದ ಧಾತುಗಳ ಗುಣಗಳನ್ನೂ ಮುಂಚಿತವಾಗಿ ಹೇಳಲಾಯಿತು. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕಿ ಅವು ನಿಜವಾದವು. ತೂಕದ ಕ್ರಮದಲ್ಲಿ ಇಟ್ಟರೆ ಅಯೋಡಿನ್ (126.9) ಟೆಲ್ಯೂರಿಯಂಗಿಂತ (127.6) ಮೊದಲು ಬರಬೇಕಾಗಿತ್ತು, ಗುಣಗಳನ್ನು ನಂಬಿ ಮೆಂಡಲೀವ್ ಅವನ್ನು ಅದಲುಬದಲು ಮಾಡಿದ್ದ. ಅದು ಸರಿಯೆಂದು ತೋರಿಸಿದ್ದು 1913ರಲ್ಲಿ ಎಕ್ಸ್-ಕಿರಣಗಳ ಮೂಲಕ ಪರಮಾಣು ಸಂಖ್ಯೆಗೆ ಅರ್ಥ ಕೊಟ್ಟ ಮೋಸ್ಲೆ. ಇಂದಿಗೂ ಧಾತುಗಳು ಸಾಲುಗಟ್ಟಿ ನಿಂತಿರುವುದು ಪರಮಾಣು ಸಂಖ್ಯೆಯ ಕ್ರಮದಲ್ಲಿ. ಸಾಲು ಎಲ್ಲಿ ಮುರಿಯಬೇಕು, ಒಂದರ ಕೆಳಗೆ ಒಂದು ಏಕೆ ಬಂತು ಎಂಬುದಕ್ಕೆ ಎಲೆಕ್ಟ್ರಾನ್ ವಿನ್ಯಾಸ ಕಾರಣ ಕೊಡುತ್ತದೆ. ಆಧಾರ ಬೇರೆ, ಕಾರಣ ಬೇರೆ. ಪರೀಕ್ಷೆಯಲ್ಲಿ ಈ ಎರಡನ್ನು ಬೆರೆಸಿ ಬರೆದವರ ಉತ್ತರಗಳನ್ನು ನಾನು ಪ್ರತಿ ವರ್ಷ ತಿದ್ದುತ್ತೇನೆ. ತಲೆಬರಹದಲ್ಲಿಯೇ ಆ ಬೆರಕೆ ಇರಬಾರದಿತ್ತು.

ಎರಡನೆಯ ದೋಷವನ್ನು ಕಂಡುಹಿಡಿದದ್ದು ನಾನಲ್ಲ, ಪ್ರಥಮ ಪಿಯುಸಿಯ ಒಬ್ಬ ಹುಡುಗಿ. ಆ ದಿನ ನಾನು ಬೀದರಿನ ಬಿದ್ರಿ ಹೂಜಿಯೊಂದನ್ನು ತರಗತಿಗೆ ಒಯ್ದಿದ್ದೆ. ಬಿದ್ರಿ ಪಾತ್ರೆಯ ಮೈ ಬಹುಪಾಲು ಸತುವಿನದು, ಅದರಲ್ಲಿ ಸ್ವಲ್ಪ ತಾಮ್ರ ಬೆರೆತಿರುತ್ತದೆ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಕಾಯಿಸಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಂದೇ ಪಾತ್ರೆಯಲ್ಲಿರುವ ಈ ಮೂರು ಲೋಹಗಳು ಕೋಷ್ಟಕದಲ್ಲಿಯೂ ನೆರೆಹೊರೆಯವು: ತಾಮ್ರ 29, ಅದರ ಬಲಕ್ಕೆ ಸತು 30, ತಾಮ್ರದ ಕೆಳಗೆ ಬೆಳ್ಳಿ 47. ಮೂರನ್ನೂ ಚಾರ್ಟಿನಲ್ಲಿ ಹುಡುಕಿ, ವಿನ್ಯಾಸಗಳನ್ನು ಓದಿ ಹೇಳಿರೆಂದೆ. ಆ ಹುಡುಗಿ ಎದ್ದು ನಿಂತು, "ಮೇಡಂ, ಬೆಳ್ಳಿಗಿ ಡಿಯೊಳಗ ಹತ್ತು, ಎಸ್‌ನ್ಯಾಗ ಒಂದು ಅಂತ ಬರದಾರ್ರಿ. ತಾಮ್ರಕ್ಕ ಒಂಬತ್ತು, ಎರಡು ಅಂತ ಐತ್ರಿ. ಒಂದ ಗುಂಪಿನ್ಯಾಗ ಹ್ಯಾಂಗ ಬ್ಯಾರೆ ಬ್ಯಾರೆ ಬಂತ್ರಿ?" ಎಂದು ಕೇಳಿದಳು.

ಅವಳು ಓದಿದ್ದು ಸರಿಯಾಗಿತ್ತು, ಅಚ್ಚಾದದ್ದು ತಪ್ಪಾಗಿತ್ತು. ತಾಮ್ರದ ಪರಮಾಣುವಿನಲ್ಲಿ 3ಡಿಯಲ್ಲಿ 10, 4ಎಸ್‌ನಲ್ಲಿ 1 ಎಲೆಕ್ಟ್ರಾನ್ ಇರುತ್ತವೆ. ಪರಮಾಣುವಿನ ರೋಹಿತವನ್ನು, ಅಂದರೆ ಅದು ಸೂಸುವ ಬೆಳಕಿನ ಗೆರೆಗಳನ್ನು, ಪರೀಕ್ಷಿಸಿ ಇದನ್ನು ಖಚಿತಪಡಿಸಿಕೊಳ್ಳಲಾಗಿದೆ. ಓರೆ ಬಾಣಗಳ ನಿಯಮವನ್ನು ಯಾಂತ್ರಿಕವಾಗಿ ಅನ್ವಯಿಸಿದರೆ ಮಾತ್ರ 9 ಮತ್ತು 2 ಬರುತ್ತದೆ. ಕ್ರೋಮಿಯಂ ಮನೆಯಲ್ಲಿ 5 ಮತ್ತು 1 ಎಂದು ಇದೇ ತಯಾರಕರು ಸರಿಯಾಗಿ ಅಚ್ಚುಹಾಕಿದ್ದಾರೆ. ಆದ್ದರಿಂದ ಇದು ಅಜ್ಞಾನದ ತಪ್ಪಲ್ಲ, ಕರಡು ತಿದ್ದುವವರ ಕಣ್ಣು ತಪ್ಪಿದ್ದೆಂದು ನನ್ನ ಭಾವನೆ. ಹಾಗಿದ್ದರೂ 480 ರೂಪಾಯಿ ಕೊಟ್ಟು ಕೊಂಡ, ವರ್ಷಗಟ್ಟಲೆ ಗೋಡೆಯ ಮೇಲಿರುವ ವಸ್ತುವಿನಲ್ಲಿ ಇದು ದೊಡ್ಡ ಲೋಪವೇ. ಒಂಬತ್ತು ಡಿ ಎಲೆಕ್ಟ್ರಾನುಗಳಿರುವುದು ಮೈಲುತುತ್ತದಲ್ಲಿ (ತಾಮ್ರದ ಸಲ್ಫೇಟ್), ಅಂದರೆ ತಾಮ್ರ ಎರಡು ಎಲೆಕ್ಟ್ರಾನು ಕಳೆದುಕೊಂಡ ಅಯಾನಿನಲ್ಲಿ. ಆ ಮಾತಿನ ನೆಪದಲ್ಲಿ ಪ್ರಯೋಗಾಲಯದಿಂದ ಎರಡು ಸೀಸೆ ತರಿಸಿ ತೋರಿಸಿದೆ: ಮೈಲುತುತ್ತದ ದ್ರಾವಣ ನೀಲಿ, ಸತುವಿನ ಸಲ್ಫೇಟಿನದು ನೀರಿನಂತೆ ಬಣ್ಣವಿಲ್ಲದ್ದು. ಸತುವಿನ ಅಯಾನಿನಲ್ಲಿ ಡಿಯ ಹತ್ತೂ ಸ್ಥಾನಗಳು ತುಂಬಿವೆ. ಬೆಳಕನ್ನು ಹೀರಿಕೊಂಡು ಎಲೆಕ್ಟ್ರಾನು ಜಿಗಿಯಲು ಅಲ್ಲಿ ತೆರವಿಲ್ಲ.

ಆದರೆ ಹುಡುಗಿಯ ಪ್ರಶ್ನೆಗೆ ಇನ್ನೊಂದು ಪದರವಿದೆ, ಅದನ್ನು ಮುಚ್ಚಿಡುವುದು ನನಗೆ ಸರಿಯೆನಿಸಲಿಲ್ಲ. ಒಂದು ಗುಂಪಿನಲ್ಲಿ ಎಲ್ಲರ ವಿನ್ಯಾಸ ಒಂದೇ ಆಗಿರಲೇಬೇಕೇ? ಎಸ್ ಮತ್ತು ಪಿ ಬ್ಲಾಕುಗಳಲ್ಲಿ ಹೌದೆನ್ನಬಹುದು, ಹೀಲಿಯಂ ಹೊರತು. ಡಿ ಬ್ಲಾಕಿನಲ್ಲಿ ಹಾಗಿಲ್ಲ. ತಾಮ್ರದ ಪಕ್ಕದ 10ನೆಯ ಗುಂಪನ್ನೇ ನೋಡಿ: ನಿಕ್ಕಲ್‌ನಲ್ಲಿ ಡಿಗೆ 8, ಎಸ್‌ಗೆ 2, ಪೆಲೇಡಿಯಂನಲ್ಲಿ ಡಿಗೆ 10, ಎಸ್ ಪೂರ್ತಿ ಖಾಲಿ, ಪ್ಲಾಟಿನಂನಲ್ಲಿ ಡಿಗೆ 9, ಎಸ್‌ಗೆ 1. ಮೂರೂ ಬೇರೆ ಬೇರೆ, ಆದರೂ ಮೂರಕ್ಕೂ ಒಂದೇ ಗುಂಪು, ಏಕೆಂದರೆ ಎರಡೂ ಉಪಕವಚಗಳ ಮೊತ್ತ ಮೂರರಲ್ಲೂ ಹತ್ತು. ಡಿ ಮತ್ತು ಎಸ್ ಮಟ್ಟಗಳ ಶಕ್ತಿಯ ಅಂತರ ಅಲ್ಲಿ ಬಹಳ ಕಡಿಮೆಯಾದ್ದರಿಂದ ಒಂದೆರಡು ಎಲೆಕ್ಟ್ರಾನು ಆಚೀಚೆ ಸರಿಯುವುದು ಸಹಜ. ತಾಮ್ರ, ಬೆಳ್ಳಿ, ನಮ್ಮ ಭಾಗದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸಿಗುವ ಚಿನ್ನ, ಈ ಮೂರರಲ್ಲೂ 10 ಮತ್ತು 1 ಎಂದು ಒಂದೇ ಬಗೆ ಇರುವುದು ಆ ಗುಂಪಿನ ವಿಶೇಷ. ಇಂಥ ಅಪವಾದಗಳಿರುವ ಮನೆಗಳಿಗೆ ಒಂದು ಚುಕ್ಕೆಯ ಗುರುತನ್ನಾದರೂ ಹಾಕಿದ್ದರೆ ಈ ಚಾರ್ಟಿನ ಬೆಲೆ ನನ್ನ ಕಣ್ಣಿನಲ್ಲಿ ಇಮ್ಮಡಿಯಾಗುತ್ತಿತ್ತು.

ವಿನ್ಯಾಸ ಬರೆಯುವ ಕ್ರಮದಲ್ಲಿಯೂ ನನಗೆ ಭಿನ್ನಾಭಿಪ್ರಾಯವಿದೆ. ಕಬ್ಬಿಣದ ಮನೆಯಲ್ಲಿ ಮೊದಲು 4ಎಸ್‌ನ ಎರಡನ್ನೂ ಆಮೇಲೆ 3ಡಿಯ ಆರನ್ನೂ ಬರೆದಿದ್ದಾರೆ. ತುಂಬಿದ ಕ್ರಮ ಅದೇ ಎಂಬುದು ಅವರ ವಾದವಿರಬಹುದು. ಆದರೆ ಮಕ್ಕಳು ಕೊನೆಗೆ ಬರೆದದ್ದು ಮೊದಲು ಹೋಗುತ್ತದೆ ಎಂದೇ ಭಾವಿಸುತ್ತಾರೆ, ಅಯಾನಿನ ವಿನ್ಯಾಸ ಕೇಳಿದರೆ ಡಿಯಿಂದ ಎರಡನ್ನು ತೆಗೆದುಬಿಡುತ್ತಾರೆ. ವಾಸ್ತವವಾಗಿ ಕಬ್ಬಿಣ ಮೊದಲು ಕಳೆದುಕೊಳ್ಳುವುದು ಹೊರಗಿನ 4ಎಸ್‌ನ ಎರಡು ಎಲೆಕ್ಟ್ರಾನುಗಳನ್ನೇ. 3ಡಿಯ ಆರು ಹಾಗೆಯೇ ಉಳಿಯುತ್ತವೆ. ಕವಚದ ಸಂಖ್ಯೆಯ ಕ್ರಮದಲ್ಲಿ, 3ಡಿ ಮೊದಲು 4ಎಸ್ ಆಮೇಲೆ ಎಂದು ಬರೆದಿದ್ದರೆ ಈ ತಪ್ಪಿಗೆ ಅವಕಾಶವೇ ಇರುತ್ತಿರಲಿಲ್ಲ.

ಕೆಳಗಿನ ಎರಡು ಸಾಲುಗಳ ವಿಷಯದಲ್ಲಿ ಚಾರ್ಟು ಅರ್ಧ ಸರಿ, ಅರ್ಧ ತಪ್ಪು. ಎಫ್ ಉಪಕವಚ ಹಿಡಿಯುವುದು 14 ಎಲೆಕ್ಟ್ರಾನು. ಆದರೆ ಇಲ್ಲಿ 57ರಿಂದ 71ರವರೆಗೆ, 89ರಿಂದ 103ರವರೆಗೆ ಹದಿನೈದು ಹದಿನೈದು ಮನೆಗಳಿಗೂ ಎಫ್ ಬಣ್ಣ ಬಳಿದು, ಮೂರನೆಯ ಗುಂಪಿನಲ್ಲಿ ಇಟ್ರಿಯಂ ಕೆಳಗೆ ಬರೀ "57–71" ಎಂದು ಬರೆದು ಕೈಬಿಟ್ಟಿದ್ದಾರೆ. ಎಡಬದಿಯ ಪಟ್ಟಿಯಿಂದ ಎಣಿಸಲು ಕಲಿತ ಮಗು ಇಲ್ಲಿ ಎಣಿಸಿದರೆ ಒಂದು ಹೆಚ್ಚಾಗುತ್ತದೆ. ಆ ಜಾಗದಲ್ಲಿ ಲ್ಯಾಂಥನಂ ಇರಬೇಕೋ ಲ್ಯುಟೀಷಿಯಂ ಇರಬೇಕೋ ಎಂಬ ಚರ್ಚೆ ಹಳೆಯದು. ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟದ ತಜ್ಞರ ತಂಡವೊಂದು 2021ರ ತಾತ್ಕಾಲಿಕ ವರದಿಯಲ್ಲಿ ಸ್ಕ್ಯಾಂಡಿಯಂ, ಇಟ್ರಿಯಂ, ಲ್ಯುಟೀಷಿಯಂ, ಲಾರೆನ್ಸಿಯಂ ಎಂಬ ಕ್ರಮವನ್ನು ಮೆಚ್ಚಿಕೊಂಡಿದೆ. ಹಾಗೆ ಜೋಡಿಸಿದರೆ ಎಫ್ ಬ್ಲಾಕ್ ಹದಿನಾಲ್ಕಕ್ಕೇ ನಿಲ್ಲುತ್ತದೆ, ಡಿ ಬ್ಲಾಕ್ ಒಡೆಯದೆ ಹತ್ತರಲ್ಲಿ ಉಳಿಯುತ್ತದೆ. ತರಗತಿಯ ದೃಷ್ಟಿಯಿಂದ ನನ್ನ ಒಲವೂ ಅದರ ಕಡೆಗೇ ಇದೆ.

ಅರ್ಧ ಸರಿ ಎಂದದ್ದು ಹ್ಯಾಫ್ನಿಯಂ ಕಾರಣದಿಂದ. 72ನೆಯ ಮನೆಯಿಂದ ಮೇಲಿನ ಜಿರ್ಕೋನಿಯಂಗೆ ಒಂದು ತೆಳುವಾದ ಗೆರೆ ಎಳೆದು, "1923" ಎಂದು ಬರೆದಿದ್ದಾರೆ; ವಿವರಣೆಯಿಲ್ಲ, ಆದರೆ ಗೊತ್ತಿದ್ದವರಿಗೆ ಅದು ಈ ಹಾಳೆಯ ಅತ್ಯಂತ ಅರ್ಥಪೂರ್ಣ ಗೆರೆ. ಆ ಕಾಲದಲ್ಲಿ 72ನೆಯ ಧಾತು ಇನ್ನೂ ಖಚಿತವಾಗಿ ಸಿಕ್ಕಿರಲಿಲ್ಲ. ಅದು ಅಪರೂಪದ ಭಸ್ಮಲೋಹಗಳ (ರೇರ್ ಅರ್ತ್, ಅಂದರೆ 57ರಿಂದ ಶುರುವಾಗುವ ಕೆಳಗಿನ ಸಾಲಿನವು) ಸಾಲಿನ ಮುಂದುವರಿಕೆಯೆಂದು ಹಲವರು ನಂಬಿದ್ದರು. ಎಲೆಕ್ಟ್ರಾನುಗಳ ಜೋಡಣೆಯ ಲೆಕ್ಕದಿಂದ ನೀಲ್ಸ್ ಬೋರ್, 71ಕ್ಕೆ ಆ ಸಾಲು ಮುಗಿಯುತ್ತದೆ, 72 ಜಿರ್ಕೋನಿಯಂನಂತೆ ಇರಬೇಕು ಎಂದು ವಾದಿಸಿದ. ಕೋಪನ್‌ಹೇಗನ್ ನಗರದಲ್ಲಿ ಕೋಸ್ಟರ್ ಮತ್ತು ಹೆವೆಸಿ ಜಿರ್ಕೋನಿಯಂ ಅದಿರಿನಲ್ಲಿಯೇ ಅದನ್ನು ಹುಡುಕಿ ಕಂಡುಹಿಡಿದರು; ಆ ನಗರದ ಲ್ಯಾಟಿನ್ ಹೆಸರೇ ಧಾತುವಿಗೆ ಬಂತು. ಮೆಂಡಲೀವ್ ಗುಣಗಳನ್ನು ನೋಡಿ ಮುನ್ನುಡಿದಿದ್ದ. ಇಲ್ಲಿ ವಿನ್ಯಾಸವೇ ಮುನ್ನುಡಿಯಿತು. ಈ ಕಥೆಗೆ ಎರಡು ವಾಕ್ಯದ ಜಾಗ ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿರುವುದು ನಮ್ಮ ಮಕ್ಕಳಿಗೆ ಸುದ್ದಿಗಳಿಂದ ಗೊತ್ತು. ಹಿಂದಿನ ಕೋಷ್ಟಕಗಳಲ್ಲಿ ಯುರೇನಿಯಂ ಟಂಗ್‌ಸ್ಟನ್ ಕೆಳಗೆ, ಡಿ ಬ್ಲಾಕಿನವರ ನಡುವೆ ಇತ್ತು. 1940ರ ದಶಕದಲ್ಲಿ ಗ್ಲೆನ್ ಸೀಬೋರ್ಗ್ ಆಕ್ಟಿನೈಡುಗಳ, ಅಂದರೆ 89ರಿಂದ ಶುರುವಾಗುವ ಪ್ರತ್ಯೇಕ ಸಾಲಿನ, ಕಲ್ಪನೆಯನ್ನು ಮುಂದಿಟ್ಟ ಮೇಲೆ ಅದು ಕೆಳಗಿನ ಸಾಲಿಗೆ ಬಂತು. ಅದರ ವಿನ್ಯಾಸವನ್ನು, ಅಂದರೆ 5ಎಫ್‌ನಲ್ಲಿ 3, 6ಡಿಯಲ್ಲಿ 1, 7ಎಸ್‌ನಲ್ಲಿ 2 ಎಂಬುದನ್ನು, ಚಾರ್ಟು ಸರಿಯಾಗಿಯೇ ಕೊಟ್ಟಿದೆ.

ಕನ್ನಡದ ಬಗ್ಗೆ ಸಮಾಧಾನವಿದೆ. ಕವಚ, ಉಪಕವಚ, ಕಕ್ಷಕ, ಆವರ್ತ, ಗುಂಪು ಎಂದು ಪಠ್ಯಪುಸ್ತಕದ ಪದಗಳನ್ನೇ ಬಳಸಿ, ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಕೊಟ್ಟಿರುವುದರಿಂದ ಮಕ್ಕಳಿಗೆ ಎರಡು ದಡಗಳ ನಡುವೆ ಸೇತುವೆ ಸಿಕ್ಕಿದೆ. ಸತು, ತವರ, ಸೀಸ, ಗಂಧಕ, ರಂಜಕ ಮುಂತಾದ ನಮ್ಮ ಹೆಸರುಗಳನ್ನು ಬಿಟ್ಟಿಲ್ಲ.

ಹಾಳೆಯ ಗುಣಮಟ್ಟ ಸಾಧಾರಣ. ಹೊಳಪಿನ ಲ್ಯಾಮಿನೇಷನ್ ಇರುವುದರಿಂದ ಕಿಟಕಿಯ ಎದುರಿಗೆ ತೂಗುಹಾಕಿದರೆ ಬೆಳಕು ಹೊಡೆದು ಮಧ್ಯದ ಐದಾರು ಗುಂಪುಗಳು ಕಾಣುವುದೇ ಇಲ್ಲ. ಪಕ್ಕದ ಗೋಡೆಗೆ ಬದಲಿಸಬೇಕಾಯಿತು. ನಮ್ಮ ಬೇಸಿಗೆಯ ಬಿಸಿಲಿಗೆ ಅಂಚು ಸುರುಳಿಗಟ್ಟುವುದೋ ಇಲ್ಲವೋ ಎಂಬುದನ್ನು ಏಪ್ರಿಲ್ ಬಂದ ಮೇಲೆ ಹೇಳಬೇಕು. ಅಂಗಡಿಯ ಸೇವೆ ಚೆನ್ನಾಗಿತ್ತು: ಚಾರ್ಟನ್ನು ಬಸ್ಸಿನಲ್ಲಿ ಒಯ್ಯಲು ಕೊಳವೆಯಲ್ಲಿ ಸುತ್ತಿ ಕೊಟ್ಟರು, ರಸೀದಿ ಕೇಳುವ ಮುಂಚೆಯೇ ಬರೆದರು.

ತಾಮ್ರದ ತಪ್ಪು ಗೊತ್ತಾದ ಮೇಲೆ ಇನ್ನೊಮ್ಮೆ ಕಲಬುರಗಿಗೆ ಹೋದಾಗ, ತಲೆಬರಹ, ತಾಮ್ರದ ಮನೆ, ಕಬ್ಬಿಣದ ಬರವಣಿಗೆಯ ಕ್ರಮ, ಎಫ್ ಬ್ಲಾಕಿನ ಹದಿನೈದನೆಯ ಮನೆ, ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಅಂಗಡಿಯವರ ಕೈಗೆ ಕೊಟ್ಟೆ. ಅವರು ಪೂರ್ತಿ ಓದಿ, "ಅಚ್ಚು ಹಾಕಾವ್ರಿಗಿ ಕಳಸ್ತೀನ್ರಿ ಮೇಡಂ, ಮುಂದಿನ ಸಲ ಸರಿ ಮಾಡಸ್ತೀವ್ರಿ" ಎಂದರು. ಅಂದೇ ಇನ್ನೊಂದು ಪ್ರತಿಯನ್ನು ನಮ್ಮ ಪಕ್ಕದ ಪ್ರೌಢಶಾಲೆಗೆಂದು ಕೊಂಡೆ. ಎಡಬದಿಯ ಆ ಪಟ್ಟಿ ಮತ್ತು ಬ್ಲಾಕುಗಳ ಬಣ್ಣ ಬೇರೆ ಯಾವ ಚಾರ್ಟಿನಲ್ಲಿಯೂ ನನಗೆ ಸಿಕ್ಕಿಲ್ಲವಾದ್ದರಿಂದ, ದೋಷಗಳ ಅರಿವಿದ್ದೂ ಇದನ್ನೇ ಕೊಳ್ಳಿರೆಂದು ಸಹೋದ್ಯೋಗಿಗಳಿಗೆ ಹೇಳುತ್ತಿದ್ದೇನೆ. ಕೊಂಡವರು ತೂಗುಹಾಕುವ ಮುನ್ನ 29ನೆಯ ಮನೆಯ ಮೇಲೆ "3ಡಿಯಲ್ಲಿ 10, 4ಎಸ್‌ನಲ್ಲಿ 1" ಎಂದು ಬರೆದ ಚೀಟಿಯೊಂದನ್ನು ಅಂಟಿಸಿಕೊಳ್ಳಲಿ. ನಮ್ಮ ತರಗತಿಯ ಚಾರ್ಟಿನ ಮೇಲೆ ಆ ಚೀಟಿಯನ್ನು ಬರೆದು ಅಂಟಿಸಿದ್ದು ಪ್ರಶ್ನೆ ಕೇಳಿದ ಅದೇ ಹುಡುಗಿ.